ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಗರಗರ ಸದ್ದು: ವಾರಂಟಿ ಇರುವಾಗಲೇ ಕಾರಣ ಹುಡುಕಿಸುವುದು ಹೇಗೆ?

ಪ್ರಶ್ನೆ: ನಾನು ಸಾಗರದ ಸಮೀಪದ ಹಳ್ಳಿಯೊಂದರಲ್ಲಿ ಅಡಿಕೆ ಬೆಳೆಗಾರ. 19 ತಿಂಗಳ ಹಿಂದೆ ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಕಾರು ಕೊಂಡೆ. ಈಗ 21,000 ಕಿ.ಮೀ. ಓಡಿದೆ. ಎರಡು ತಿಂಗಳಿಂದ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡು ಗರಗರ ಸದ್ದು ಬಂದು ನಿಲ್ಲುತ್ತದೆ. ಬಿಸಿಯಾದ ಮೇಲೆ, ನಿಂತ ಗಾಡಿಯಲ್ಲಿ ಟಿಕ್ ಟಿಕ್ ಎಂದು ಕೇಳಿಸುತ್ತದೆ. ಶಿವಮೊಗ್ಗದ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಎರಡು ಬಾರಿ ಒಯ್ದೆ. ‘ಈ ಎಂಜಿನ್ನಿನ ಸದ್ದೇ ಹೀಗೆ, ತೊಂದರೆಯಿಲ್ಲ’ ಎಂದು ಕಳುಹಿಸಿದರು. ನಮ್ಮೂರಿನ ಮೆಕ್ಯಾನಿಕ್ ಸ್ವಲ್ಪ ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ವಾರಂಟಿ ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ. ಇದೆ. ನಾನು ಏನು ಮಾಡಬೇಕು?

ಉತ್ತರ: ಮಾನ್ಯರೇ, ನಿಮ್ಮ ಪತ್ರದಲ್ಲಿರುವುದು ಒಂದು ದೂರಲ್ಲ, ಎರಡು. ಬೆಳಗಿನ ಗರಗರ ಸದ್ದಿಗೂ ಬಿಸಿಯಾದ ಮೇಲಿನ ಟಿಕ್ ಟಿಕ್ ಸದ್ದಿಗೂ ಸಂಬಂಧವಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಎರಡನ್ನೂ ಸೇರಿಸಿ ‘ಎಂಜಿನ್ನಿನಲ್ಲಿ ಸದ್ದು’ ಎಂದು ಹೇಳಿದರೆ, ಕೇಳುವವರು ಸುಲಭವಾಗಿ ಸಿಗುವ ಎರಡನೆಯದನ್ನಷ್ಟೇ ಕೇಳಿಸಿಕೊಂಡು, ಅದು ಸಹಜವೆಂದು ತೀರ್ಮಾನಿಸಿ, ಮೊದಲನೆಯದನ್ನೂ ಅದರೊಡನೆ ತಳ್ಳಿಹಾಕುತ್ತಾರೆ. ನಿಮ್ಮ ವಿಷಯದಲ್ಲಿ ಆದದ್ದೂ ಇದೇ ಎಂದು ನನಗೆ ತೋರುತ್ತದೆ. ನೀವು ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರಿನಷ್ಟು ಓಡಿಸಿಕೊಂಡು ಹೋದಿರಿ. ಎಂಜಿನ್ ಪೂರ್ತಿ ಬಿಸಿಯಾಗಿ, ಆಯಿಲ್ ಎಲ್ಲ ಭಾಗಗಳನ್ನೂ ತಲುಪಿದ್ದ ಹೊತ್ತಿನಲ್ಲಿ ತಂತ್ರಜ್ಞರು ಬಾನೆಟ್ ತೆರೆದರು. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಮಾತ್ರ ಹುಟ್ಟುವ ಸದ್ದು ಆಗ ಕೇಳಿಸಲು ಸಾಧ್ಯವೇ ಇರಲಿಲ್ಲ. ಅವರು ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಆದರೆ ಪರೀಕ್ಷೆ ನಡೆಯಲಿಲ್ಲ ಎಂಬುದು ಖಚಿತ.

ಎಂಜಿನ್ನಿನ ಸದ್ದನ್ನು ಪತ್ತೆ ಮಾಡುವ ಕೆಲಸವೆಲ್ಲವೂ ಒಂದೇ ವಿಚಾರದ ಮೇಲೆ ನಿಂತಿದೆ: ಸದ್ದು ಯಾವ ಸ್ಥಿತಿಯಲ್ಲಿ ಬರುತ್ತದೆ, ಯಾವ ಸ್ಥಿತಿಯಲ್ಲಿ ಹೋಗುತ್ತದೆ? ಅದು ಎಂಥ ಸದ್ದು ಎಂಬುದನ್ನು ಕಿವಿ ತಪ್ಪಾಗಿ ಹೇಳಬಹುದು. ಆದರೆ ತಣ್ಣಗಿರುವಾಗ ಬರುತ್ತದೆಯೇ ಬಿಸಿಯಾದಾಗಲೇ, ನಿಂತಲ್ಲಿಯೇ ಏರಿನಲ್ಲಿಯೇ, ಎಂಜಿನ್ ವೇಗದೊಡನೆ ಹೆಚ್ಚುತ್ತದೆಯೇ ಗಾಡಿಯ ವೇಗದೊಡನೆಯೇ, ಕ್ಲಚ್ ಒತ್ತಿದರೆ ಬದಲಾಗುತ್ತದೆಯೇ, ಎ.ಸಿ. ಆರಿಸಿದರೆ ನಿಲ್ಲುತ್ತದೆಯೇ ಎಂಬ ಪ್ರಶ್ನೆಗಳಿಗೆ ಯಾರು ಬೇಕಾದರೂ ನಿಖರವಾಗಿ ಉತ್ತರಿಸಬಹುದು. ಕ್ಲಚ್ ಒತ್ತಿದೊಡನೆ ಹುಟ್ಟುವ ಸದ್ದು ಬಹುತೇಕ ಕ್ಲಚ್ ರಿಲೀಸ್ ಬೇರಿಂಗಿನದು. ಎ.ಸಿ.ಯೊಡನೆ ಬಂದು ಹೋಗುವುದು ಕಂಪ್ರೆಸರಿನದೋ ಅದರ ಬೆಲ್ಟಿನದೋ ಆಗಿರುತ್ತದೆ. ಹೀಗೆ ಎರಡು ಮೂರು ಉತ್ತರಗಳಿಂದಲೇ ಹುಡುಕಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಮೊದಲು ಗರಗರ ಸದ್ದನ್ನು ನೋಡೋಣ. ನಿಮ್ಮ ಕಾರಿನ ಕೈಪಿಡಿಯಿಂದಲೋ ಸರ್ವಿಸ್ ಕೇಂದ್ರದಿಂದಲೋ ಎಂಜಿನ್ನಿನಲ್ಲಿರುವುದು, ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕ್‌ಶಾಫ್ಟನ್ನೂ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟನ್ನೂ ಹೊಂದಿಕೆಯಲ್ಲಿ ತಿರುಗಿಸುವ ಟೈಮಿಂಗ್ ಚೈನೋ ಬೆಲ್ಟೋ ಎಂಬುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಕೆಲವು ಮೂರು ಸಿಲಿಂಡರಿನ ಎಂಜಿನ್ನುಗಳಲ್ಲಿ ಆಯಿಲ್‌ನಲ್ಲಿಯೇ ಓಡುವ ರಬ್ಬರ್ ಬೆಲ್ಟ್ ಇರುತ್ತದೆ. ಚೈನ್ ಇದ್ದರೆ ಅದನ್ನು ಬಿಗಿಯಾಗಿ ಹಿಡಿದಿರುವುದು ಟೆನ್ಷನರ್ ಎಂಬ ಸಣ್ಣ ಪಿಸ್ಟನ್; ಅದನ್ನು ಮುಂದಕ್ಕೆ ತಳ್ಳುವುದು ಮುಖ್ಯವಾಗಿ ಎಂಜಿನ್ ಆಯಿಲ್‌ನ ಒತ್ತಡ. ರಾತ್ರಿ ಗಾಡಿ ನಿಂತಾಗ ಮೇಲಿನ ಭಾಗದ ಆಯಿಲ್ ನಿಧಾನವಾಗಿ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪಂಪು ಮತ್ತೆ ಒತ್ತಡ ಕಟ್ಟುವವರೆಗೆ ಚೈನ್ ಸ್ವಲ್ಪ ಸಡಿಲವಾಗಿದ್ದು, ಬಿಗಿ ತಪ್ಪಿದ ಸೈಕಲ್ ಚೈನ್ ತನ್ನ ಕವಚಕ್ಕೆ ಬಡಿಯುವಂತೆ, ಅದನ್ನು ದಾರಿಯಲ್ಲಿ ಹಿಡಿದಿಡುವ ಗೈಡುಗಳಿಗೆ ಬಡಿಯಬಹುದು. ಅರ್ಧ ಸೆಕೆಂಡಿನೊಳಗೆ ಅಡಗುವ, ತಿಂಗಳು ಕಳೆದರೂ ಬೆಳೆಯದ ಸದ್ದಿನ ಬಗ್ಗೆ ನಾನು ತಲೆಕೆಡಿಸಿಕೊಳ್ಳಲಾರೆ. ಮೊದಲು ಇಲ್ಲದಿದ್ದು, ಹತ್ತೊಂಬತ್ತು ತಿಂಗಳಿನಲ್ಲಿ ಹುಟ್ಟಿಕೊಂಡು, ಎರಡು ಮೂರು ಸೆಕೆಂಡು ಉಳಿಯುವ ಸದ್ದನ್ನು ‘ಎಂಜಿನ್ನಿನ ಗುಣ’ ಎಂದು ಒಪ್ಪಿಕೊಳ್ಳಲು ನಾನು ಸಿದ್ಧನಿಲ್ಲ. ಗುಣವಾಗಿದ್ದರೆ ಅದು ಮೊದಲ ದಿನದಿಂದಲೂ ಇರಬೇಕಿತ್ತು.

ಇದಕ್ಕೆ ನಾಲ್ಕು ಕಾರಣಗಳು ಮುಖ್ಯವಾಗಿ ಇರಬಹುದು. ಎಲ್ಲಕ್ಕಿಂತ ಸರಳವಾದದ್ದು ಆಯಿಲ್‌ನ ಮಟ್ಟ ತಗ್ಗಿರುವುದು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಆರಿಸಿ, ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಮಟ್ಟ ಮೇಲಿನ ಗುರುತನ್ನೂ ದಾಟಿ ಏರಿದ್ದು, ಆಯಿಲ್‌ಗೆ ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಅದೂ ಮಹತ್ವದ ಸುಳಿವು. ಸಿಲಿಂಡರಿನೊಳಕ್ಕೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಟರ್ಬೊ ಎಂಜಿನ್ನನ್ನು ಮಳೆಗಾಲದ ತಂಪಿನಲ್ಲಿ ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಲಿಸಿದರೆ, ಸುಡದೆ ಉಳಿದ ಪೆಟ್ರೋಲ್ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ತೆಳುವಾದ ಆಯಿಲ್‌ನಲ್ಲಿ ಚೈನ್ ಬೇಗ ಸವೆಯುತ್ತದೆ. ಇಂಥ ಎಂಜಿನ್ನುಗಳಲ್ಲಿ ಚೈನ್ ಸವೆತ ಎಷ್ಟು ಮುಖ್ಯ ವಿಷಯವಾಗಿದೆ ಎಂದರೆ, 2020ರಲ್ಲಿ ಜಾರಿಗೆ ಬಂದ ಎಪಿಐ ಎಸ್‌ಪಿ ಎಂಬ ಆಯಿಲ್ ಗುಣಮಟ್ಟದಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಪರೀಕ್ಷೆ ಇದೆ. ತೋಟ, ಮನೆ, ಪೇಟೆ ಎಂದು ಹತ್ತಿರದ ಓಡಾಟವೇ ನಿಮ್ಮದಾಗಿದ್ದರೆ, ಕೈಪಿಡಿಯಲ್ಲಿ ‘ಕಠಿಣ ಬಳಕೆ’ಗೆ ಹೇಳಿರುವ ಕಡಿಮೆ ಅವಧಿಯಲ್ಲಿ ಆಯಿಲ್ ಬದಲಿಸುವುದು ಒಳ್ಳೆಯದು.

ಎರಡನೆಯ ಕಾರಣ ಆಯಿಲ್ ಫಿಲ್ಟರ್. ಅದರೊಳಗೆ ಆಯಿಲ್ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ರಬ್ಬರ್ ಕವಾಟವೊಂದಿರುತ್ತದೆ. ಅದು ಗಡುಸಾದರೂ, ಫಿಲ್ಟರ್ ನಕಲಿಯಾದರೂ ಆಯಿಲ್ ಬೇಗ ಇಳಿದುಹೋಗುತ್ತದೆ. ಎರಡು ತಿಂಗಳ ಹಿಂದೆ, ಅಂದರೆ ಸದ್ದು ಹುಟ್ಟಿದ ಹೊತ್ತಿಗೆ ಸರಿಯಾಗಿ, ಸರ್ವಿಸ್ ಆಗಿತ್ತೇ ಎಂದು ಬಿಲ್ ತೆಗೆದು ನೋಡಿ. ಆಗಿದ್ದರೆ ನನ್ನ ಮೊದಲ ಅನುಮಾನ ಫಿಲ್ಟರಿನ ಮೇಲೆಯೇ. ಮೂರನೆಯದು ಕ್ಯಾಮ್‌ಶಾಫ್ಟಿನ ತುದಿಯಲ್ಲಿ ಕುಳಿತು ವಾಲ್ವ್ ತೆರೆಯುವ ಸಮಯವನ್ನು ಹಿಂದೆ ಮುಂದೆ ಮಾಡುವ ಫೇಸರ್ ಎಂಬ ಭಾಗ. ಎಂಜಿನ್ ನಿಲ್ಲುವಾಗ ಅದರೊಳಗಿನ ಪಿನ್ ಒಂದು ತೂತಿಗೆ ಕೂತು ಅದನ್ನು ಹಿಡಿದುಕೊಳ್ಳಬೇಕು; ಪಿನ್ ಸವೆದಿದ್ದರೆ ಸ್ಟಾರ್ಟ್ ಆದ ಕ್ಷಣದಲ್ಲಿ ಒಳಗಿನ ಭಾಗ ಎರಡೂ ಬದಿಗೆ ಬಡಿದು, ಆಯಿಲ್ ಒತ್ತಡ ಬಂದೊಡನೆ ಸುಮ್ಮನಾಗುತ್ತದೆ. ನಾಲ್ಕನೆಯದು ಟೆನ್ಷನರ್ ದುರ್ಬಲವಾಗಿರುವುದು ಅಥವಾ ಚೈನೇ ಉದ್ದವಾಗಿರುವುದು.

ಇವನ್ನು ಬೇರ್ಪಡಿಸಲು ನೀವು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಒಂದಿದೆ. ಬಿಸಿ ಎಂಜಿನ್ನನ್ನು ಆರಿಸಿ ಅರ್ಧ ಗಂಟೆ ಬಿಟ್ಟು ಒಮ್ಮೆ, ಇನ್ನೊಂದು ದಿನ ಮೂರು ಗಂಟೆ ಬಿಟ್ಟು, ಮತ್ತೊಂದು ದಿನ ರಾತ್ರಿಯಿಡೀ ಬಿಟ್ಟು ಸ್ಟಾರ್ಟ್ ಮಾಡಿ, ಸದ್ದು ಯಾವಾಗ ಬಂತು, ಎಷ್ಟು ಹೊತ್ತು ಉಳಿಯಿತು ಎಂದು ಬರೆದಿಡಿ. ಮೂರೇ ಗಂಟೆಗೆ ಸದ್ದು ಬಂದರೆ ಆಯಿಲ್ ಇಳಿದುಹೋಗುವ ವೇಗ ಹೆಚ್ಚಿದೆ ಎಂದರ್ಥ. ಆಗ ಫಿಲ್ಟರಿನ ಕಡೆಗೂ ಟೆನ್ಷನರಿನ ಸೋರಿಕೆಯ ಕಡೆಗೂ ಬೆರಳು ತೋರುತ್ತದೆ. ಚೈನ್ ನಿಜವಾಗಿಯೂ ಉದ್ದವಾಗಿದ್ದರೆ ಕ್ರ್ಯಾಂಕ್‌ಶಾಫ್ಟ್ ಮತ್ತು ಕ್ಯಾಮ್‌ಶಾಫ್ಟುಗಳ ನಡುವಿನ ಕೋನದ ಹೊಂದಾಣಿಕೆ ತಪ್ಪುತ್ತದೆ. ಅದು ಮಿತಿ ಮೀರಿದಾಗ ಪಿ 0016, ಪಿ 0017 ಎಂಬಂಥ ದೋಷದ ಕೋಡುಗಳು ಕಾರಿನ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ಆದರೆ ಕೋಡ್ ಬಂದಿಲ್ಲ ಎಂದ ಮಾತ್ರಕ್ಕೆ ಚೈನ್ ಸರಿಯಾಗಿದೆ ಎಂದು ಹೇಳಲಾಗದು, ಏಕೆಂದರೆ ಕೋಡ್ ಬರುವುದು ಮಿತಿ ದಾಟಿದ ಮೇಲೆ. ಸ್ಕ್ಯಾನರಿನಲ್ಲಿ ಆ ಕೋನದ ಅಳತೆಯನ್ನೇ ಓದಿ, ಕಂಪನಿ ಕೊಟ್ಟಿರುವ ಮಿತಿಯೊಡನೆ ಹೋಲಿಸಿ ತೋರಿಸುವಂತೆ ಕೇಳಬೇಕು. ‘ಸ್ಕ್ಯಾನ್ ಮಾಡಿದೆವು, ಏನೂ ಇಲ್ಲ’ ಎಂಬ ಉತ್ತರ ಸಾಲದು.

ಇದಕ್ಕೂ ಮುನ್ನ, ಎಂಜಿನ್ನಿನದಲ್ಲದ ಸದ್ದುಗಳನ್ನು ದೂರಮಾಡಿಕೊಳ್ಳಿ. ಸೈಲೆನ್ಸರ್ ಕೊಳವೆಯ ಮೇಲಿನ ತೆಳು ತಗಡಿನ ಶಾಖತಡೆ ಸಡಿಲವಾದರೆ ಸ್ಟಾರ್ಟ್ ಆಗುವಾಗಿನ ಅದುರುವಿಕೆಗೆ ಹೀಗೆಯೇ ಗರಗರ ಎನ್ನುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಅದನ್ನು ಕೈಯಿಂದ ತಟ್ಟಿ ನೋಡಿದರೆ ತಿಳಿಯುತ್ತದೆ. ಅಡಿಭಾಗದ ಪ್ಲಾಸ್ಟಿಕ್ ಹಲಗೆಯ ಬೋಲ್ಟ್ ಸಡಿಲವಾಗಿರಬಹುದು. ಮಣ್ಣು ರಸ್ತೆಯ ಜಲ್ಲಿಕಲ್ಲು ಅದರ ಮೇಲೆ ಕುಳಿತಿರಬಹುದು. ನಿಮ್ಮ ಕಡೆಯಲ್ಲಿ ಇನ್ನೊಂದು ಸಾಧ್ಯತೆಯನ್ನೂ ಮರೆಯಬಾರದು: ಇಲಿ, ಅಳಿಲುಗಳು ಬೆಚ್ಚಗಿನ ಎಂಜಿನ್ನಿನ ಮೇಲಿನ ಕವಚದ ಸಂದಿಗೂ ಗಾಳಿಫಿಲ್ಟರಿನ ಪೆಟ್ಟಿಗೆಗೂ ಅಡಿಕೆ, ಕಾಯಿಬೀಜಗಳನ್ನು ತಂದು ತುಂಬುತ್ತವೆ. ಕವಚ ತೆಗೆದು ನೋಡುವುದಕ್ಕೆ ಐದು ನಿಮಿಷ ಸಾಕು, ಮತ್ತು ತಂತಿಗಳನ್ನು ಕಡಿದಿವೆಯೇ ಎಂಬುದೂ ಆಗಲೇ ಕಾಣುತ್ತದೆ.

ಇನ್ನು ಟಿಕ್ ಟಿಕ್ ಸದ್ದು. ನಿಮ್ಮದು ನೇರ ಚಿಮ್ಮಿಕೆಯ ಎಂಜಿನ್ ಆಗಿದ್ದರೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳೂ ಕ್ಯಾಮ್‌ಶಾಫ್ಟಿನಿಂದ ನಡೆಯುವ ಅಧಿಕ ಒತ್ತಡದ ಪೆಟ್ರೋಲ್ ಪಂಪೂ ಹೊರಡಿಸುವ ಚಟಪಟ ಸದ್ದು ಸಹಜ. ಬಾನೆಟ್ ತೆರೆದಾಗ ಜೋರಾಗಿಯೂ ಒಳಗೆ ಕುಳಿತಾಗ ಮಂದವಾಗಿಯೂ ಕೇಳುತ್ತದೆ. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಕೂಡ ಬಿಸಿಯಾದ ಮೇಲೆ ಟಿಕ್ಕೆನ್ನುತ್ತದೆ, ನಡುನಡುವೆ ನಿಲ್ಲುತ್ತದೆ. ಇವನ್ನು ಒಂದು ವಾಲ್ವ್‌ನ ಸಡಿಲಿಕೆಯಿಂದ ಬರುವ ಸದ್ದಿನಿಂದ ಬೇರ್ಪಡಿಸಲು ಎಣಿಕೆ ಸಹಾಯ ಮಾಡುತ್ತದೆ. ಕ್ಯಾಮ್‌ಶಾಫ್ಟ್ ತಿರುಗುವುದು ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಕ್ರ್ಯಾಂಕ್‌ಶಾಫ್ಟ್ ಸೆಕೆಂಡಿಗೆ ಹದಿಮೂರಕ್ಕೂ ಸ್ವಲ್ಪ ಹೆಚ್ಚು ಸುತ್ತು, ಕ್ಯಾಮ್‌ಶಾಫ್ಟ್ ಆರರಿಂದ ಏಳು ಸುತ್ತು ತಿರುಗುತ್ತದೆ. ಒಂದೇ ವಾಲ್ವ್‌ನಲ್ಲಿ ದೋಷವಿದ್ದರೆ ಸೆಕೆಂಡಿಗೆ ಆರೇಳು ಟಿಕ್. ಮೂರು ಸಿಲಿಂಡರುಗಳ ಇಂಜೆಕ್ಟರುಗಳು ಸೇರಿ ಕಡೇಪಕ್ಷ ಇಪ್ಪತ್ತು. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ಕಾಲು ವೇಗದಲ್ಲಿ ಕೇಳಿಸಿ ಎಣಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮುದ್ರಿಸುವಾಗ ಆರ್‌ಪಿಎಂ ಎಷ್ಟಿತ್ತು ಎಂಬುದನ್ನು ಗುರುತಿಸಿಕೊಳ್ಳಬೇಕು, ಏಕೆಂದರೆ ತಣ್ಣನೆಯ ಎಂಜಿನ್ ನಿಂತಲ್ಲಿಯೂ ಹೆಚ್ಚು ವೇಗವಾಗಿ ತಿರುಗುತ್ತದೆ. ನಿಮ್ಮದು ಬಿಸಿಯಾದ ಮೇಲಷ್ಟೇ ಬರುವ, ಹಳೆಯದೂ ಇರಬಹುದಾದ ಸದ್ದು. ಎಣಿಕೆ ಇಪ್ಪತ್ತರ ಹತ್ತಿರ ಬಂದರೆ ಅದನ್ನು ದೂರಿನಿಂದ ಬಿಟ್ಟುಬಿಡಿ. ತಣ್ಣಗಿರುವಾಗ ಜೋರಾಗಿದ್ದು ಬಿಸಿಯಾದಂತೆ ಅಡಗುವ ಟಿಕ್ ಸದ್ದಾಗಿದ್ದರೆ ಬೇರೆ ಮಾತು: ಎಂಜಿನ್ನಿನಿಂದ ಹೊಗೆ ಹೊರಬೀಳುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿದ್ದರೆ ಹಾಗಾಗುತ್ತದೆ, ಲೋಹ ಹಿಗ್ಗಿದ ಮೇಲೆ ಸಂದಿ ಮುಚ್ಚುತ್ತದೆ, ಅಲ್ಲಿ ಕಪ್ಪು ಮಸಿಯ ಗುರುತೂ ಸಿಗುತ್ತದೆ.

ಸದ್ದಿನ ಮೂಲ ಹುಡುಕಲು ಮಾರುದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಎಂಜಿನ್ನಿನ ಬೇರೆ ಬೇರೆ ಭಾಗಗಳ ಹತ್ತಿರ ಆಡಿಸುವುದು ಉಪಯುಕ್ತ. ಆದರೆ ದಯವಿಟ್ಟು ಎಚ್ಚರಿಕೆಯಿರಲಿ: ಪಂಚೆಯ ಅಂಚು, ಟವೆಲ್, ಸೆರಗು, ಬಿಚ್ಚಿದ ಕೂದಲು ಬೆಲ್ಟಿನ ಹತ್ತಿರ ಸುಳಿಯಬಾರದು, ಮತ್ತು ರೇಡಿಯೇಟರ್ ಫ್ಯಾನ್ ಎಂಜಿನ್ ಆರಿಸಿದ ಮೇಲೂ ತಾನಾಗಿ ತಿರುಗಬಹುದು.

ಈಗ, ತಡಮಾಡದೆ ಗಾಡಿ ನಿಲ್ಲಿಸಲೇಬೇಕಾದ ಸದ್ದು ಯಾವುದೆಂದು ಹೇಳಿಬಿಡುತ್ತೇನೆ. ಆಳದಿಂದ ಬರುವ, ಸುತ್ತಿಗೆಯಲ್ಲಿ ಬಡಿದಂತಹ ಧಡ್ ಧಡ್ ಸದ್ದು, ಅದೂ ಬಿಸಿ ಎಂಜಿನ್ನಿನಲ್ಲಿ, ಆಕ್ಸಿಲರೇಟರ್ ಒತ್ತಿದಂತೆ ಹೆಚ್ಚುವುದಾದರೆ, ಅದು ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗಿನದಾಗಿರಬಹುದು. ಆಯಿಲ್ ಒತ್ತಡದ ಕೆಂಪು ದೀಪವೂ ಹೊತ್ತಿದರೆ ಒಂದು ಫರ್ಲಾಂಗ್ ಕೂಡ ಓಡಿಸದೆ ಎಂಜಿನ್ ಆರಿಸಿ, ಎತ್ತುವ ವಾಹನದಲ್ಲಿಯೇ ಸಾಗಿಸಬೇಕು. ಮುಂದುವರಿಸಿದರೆ ರಾಡ್ ಮುರಿದು ಎಂಜಿನ್ ಬ್ಲಾಕನ್ನೇ ತೂತು ಮಾಡಬಲ್ಲದು. ಎಚ್ಚರಿಕೆಯ ದೀಪ ಹೊತ್ತಿದ ಮೇಲೂ ಓಡಿಸಿದಿರಿ ಎಂಬ ಕಾರಣಕ್ಕೆ ವಾರಂಟಿಯೂ ಕೈತಪ್ಪಬಹುದು. ತುಂಬಿದ ಹಳ್ಳವನ್ನೋ ನೀರು ನಿಂತ ರಸ್ತೆಯನ್ನೋ ದಾಟಿದ ಮೇಲೆ ಇಂಥ ಸದ್ದು ಹುಟ್ಟಿದರೆ, ನೀರು ಸಿಲಿಂಡರಿಗೆ ಹೊಕ್ಕು ರಾಡ್ ಬಾಗಿರುವ ಸಾಧ್ಯತೆಯಿದೆ. ಅದು ವಾರಂಟಿಯ ವಿಷಯವಲ್ಲ, ವಿಮೆಯಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ಭಾಗ ಕೊಂಡಿದ್ದೀರಾ ಎಂಬ ವಿಷಯ. ಏರಿನಲ್ಲಿ ಎತ್ತರದ ಗೇರಿನಲ್ಲಿ ಎಳೆಯುವಾಗ ಮಾತ್ರ ಬರುವ ಗಾಜಿನ ಗೋಲಿ ಉರುಳಿದಂಥ ಸದ್ದು ಬೇರೆಯದು. ಇಂಧನ ಹೊತ್ತಬಾರದ ಹೊತ್ತಿನಲ್ಲಿ ಹೊತ್ತಿಕೊಳ್ಳುವುದರಿಂದ ಅದು ಬರುತ್ತದೆ. ಗೇರ್ ಇಳಿಸಿದರೆ ಅಡಗುವುದಾದರೂ, ಮತ್ತೆ ಮತ್ತೆ ಬಂದರೆ ತೋರಿಸಬೇಕು. ಕೀಚಲು ಸದ್ದು, ಸಿಳ್ಳೆ, ಗುಂಯ್‌ಗುಟ್ಟುವಿಕೆ ಮುಂತಾದವು ಬಹುಪಾಲು ಬೆಲ್ಟ್, ಆಲ್ಟರ್ನೇಟರ್, ಟರ್ಬೊಗಳ ಕಡೆಯವು; ನಿಮ್ಮ ಪತ್ರದಲ್ಲಿ ಅವಿಲ್ಲದ ಕಾರಣ ಇಲ್ಲಿ ಬೆಳೆಸುವುದಿಲ್ಲ.

ಕಡಿಮೆ ಓಡಿದ ಎಂಜಿನ್ನಿನಲ್ಲಿ ಇಷ್ಟು ಬೇಗ ದೋಷ ಬರುವುದುಂಟೇ ಎಂದು ನೀವು ಕೇಳಬಹುದು. ಬರುವುದುಂಟು. ಹ್ಯುಂಡೈ ಕಂಪನಿಯು 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ 2011 ಮತ್ತು 2012ರ ಮಾದರಿಯ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ವಾಪಸ್ ಕರೆಸಿತು. ಕ್ರ್ಯಾಂಕ್‌ಶಾಫ್ಟ್ ತಯಾರಿಕೆಯಲ್ಲಿ ಉಳಿದ ಲೋಹದ ಚೂರುಗಳು ಆಯಿಲ್ ಹರಿಯುವ ದಾರಿಗೆ ಅಡ್ಡಬಂದು ರಾಡ್ ಬೇರಿಂಗುಗಳು ಸವೆಯುತ್ತಿದ್ದವು, ಮತ್ತು ಮಾಲೀಕರಿಗೆ ಸಿಗುತ್ತಿದ್ದ ಮುನ್ಸೂಚನೆಯೆಂದರೆ ಎಂಜಿನ್ ವೇಗದೊಡನೆ ಹೆಚ್ಚುವ ಬಡಿತದ ಸದ್ದು. ನಿಮ್ಮ ಕಾರಿಗೂ ಆ ಎಂಜಿನ್ನಿಗೂ ಸಂಬಂಧವಿಲ್ಲ. ಕಾರ್ಖಾನೆಯ ದೋಷ ಮೊದಲು ಮಾತಾಡುವುದು ಸದ್ದಿನ ಮೂಲಕವೇ ಆಗಿರಬಹುದು ಎಂಬುದಕ್ಕೆ ಇದನ್ನು ಹೇಳಿದೆ. ನಮ್ಮಲ್ಲಿಯೂ ಮೋಟಾರು ವಾಹನ ಕಾಯ್ದೆಯ 110ಎ ಕಲಮಿನ ಅಡಿಯಲ್ಲಿ ದೋಷಯುಕ್ತ ವಾಹನಗಳನ್ನು ವಾಪಸ್ ಕರೆಸಲು ಕೇಂದ್ರ ಸರ್ಕಾರ ಆದೇಶಿಸಬಹುದು, ಕಂಪನಿಗಳು ತಾವಾಗಿಯೂ ಕರೆಸುತ್ತವೆ. ನಿಮ್ಮ ಕಂಪನಿಯ ಜಾಲತಾಣದಲ್ಲಿ ಚಾಸಿ ಸಂಖ್ಯೆ ಕೊಟ್ಟು ನೋಡಿಕೊಳ್ಳಿ.

ದಪ್ಪ ಆಯಿಲ್‌ನ ಸಲಹೆಯನ್ನು ಮಾತ್ರ ಕೈಬಿಡಿ. ನಿಮ್ಮ ಮೆಕ್ಯಾನಿಕ್ ಹಳೆಯ ಎಂಜಿನ್ನುಗಳ ಅನುಭವದಿಂದ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಇಂದಿನ ಎಂಜಿನ್ನುಗಳ ಪಂಪು, ಟೆನ್ಷನರ್, ಫೇಸರುಗಳ ಸಣ್ಣ ದಾರಿಗಳನ್ನು 0ಡಬ್ಲ್ಯೂ-20, 5ಡಬ್ಲ್ಯೂ-30ರಂಥ ತೆಳು ಆಯಿಲ್‌ಗೆ ಹೊಂದುವಂತೆ ಮಾಡಿರುತ್ತಾರೆ. 20ಡಬ್ಲ್ಯೂ-50 ಎಂಬ ದಪ್ಪ ಆಯಿಲ್ ಹಾಕಿದರೆ ತಣ್ಣನೆಯ ಬೆಳಿಗ್ಗೆ ಅದು ಮೇಲೇರಲು ಇನ್ನೂ ತಡವಾಗುತ್ತದೆ, ಅಂದರೆ ಯಾವ ಕ್ಷಣದಲ್ಲಿ ನಿಮಗೆ ತೊಂದರೆಯಿದೆಯೋ ಆ ಕ್ಷಣವೇ ಕೆಡುತ್ತದೆ. ಒಂದು ವೇಳೆ ಸದ್ದು ತಗ್ಗಿದರೂ ಅದು ಇನ್ನೂ ಕೆಟ್ಟದ್ದು, ಏಕೆಂದರೆ ಸವೆತ ಮುಂದುವರಿಯುತ್ತದೆ ಮತ್ತು ಸಾಕ್ಷ್ಯ ಅಡಗುತ್ತದೆ. ಕೈಪಿಡಿಯಲ್ಲಿ ಹೇಳಿರದ ಆಯಿಲ್ ಎಂಜಿನ್ನಿನಲ್ಲಿ ಸಿಕ್ಕಿದರೆ ವಾರಂಟಿ ನಿರಾಕರಿಸಲು ಕಂಪನಿಗೆ ನೀವೇ ಕಾರಣ ಒದಗಿಸಿದಂತೆ. ಸದ್ದು ತಗ್ಗಿಸುವುದಾಗಿ ಹೇಳಿ ಮಾರುವ ಬಾಟಲಿ ದ್ರಾವಣಗಳಿಗೂ ಇದೇ ಮಾತು.

ಈಗ ಮಾಡಬೇಕಾದ ಕೆಲಸ. ಮೊದಲು ಮುದ್ರಣ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನವೇ ವಿಡಿಯೊ ಆರಂಭಿಸಿ. ದಿನಾಂಕ, ಓಡಿದ ಕಿಲೋಮೀಟರ್, ಹೊರಗಿನ ಉಷ್ಣತೆ, ಆರ್‌ಪಿಎಂ ಮುಳ್ಳು ಒಂದೇ ಓಟದಲ್ಲಿ ಕಾಣಲಿ. ಮರುದಿನ ಬಾನೆಟ್ ತೆರೆದಿಟ್ಟು, ಮೊಬೈಲನ್ನು ಪ್ರತಿಸಲವೂ ಒಂದೇ ಜಾಗದಲ್ಲಿ, ಒಂದೇ ದೂರದಲ್ಲಿ ಇಟ್ಟು ಮುದ್ರಿಸಿ. ಮೊಬೈಲುಗಳು ಸಣ್ಣ ಸದ್ದನ್ನು ತಾವಾಗಿ ಹಿಗ್ಗಿಸಿ ದೊಡ್ಡ ಸದ್ದನ್ನು ಕುಗ್ಗಿಸುವುದರಿಂದ ಮುದ್ರಣ ಕೇಳಿ ಸದ್ದಿನ ಜೋರು ಅಳೆಯಬಾರದು, ಎಷ್ಟು ಸೆಕೆಂಡು ಉಳಿಯಿತು ಎಂಬುದನ್ನು ಅಳೆಯಬೇಕು. ಸೆಕೆಂಡುಗಳ ಬಗ್ಗೆ ಯಾರೂ ವಾದ ಮಾಡಲಾರರು.

ಆಮೇಲೆ ಮುಖ್ಯವಾದ ಹೆಜ್ಜೆ: ಕಾರನ್ನು ಸಂಜೆಯೇ ಸರ್ವಿಸ್ ಕೇಂದ್ರದಲ್ಲಿ ಬಿಡಿ, ರಾತ್ರಿ ಯಾರೂ ಸ್ಟಾರ್ಟ್ ಮಾಡಬಾರದೆಂದು ಜಾಬ್ ಕಾರ್ಡಿನಲ್ಲಿ (ದೂರು, ಕೆಲಸಗಳನ್ನು ಬರೆದುಕೊಳ್ಳುವ ಸರ್ವಿಸ್ ಕೇಂದ್ರದ ಹಾಳೆ) ಬರೆಸಿ, ಮರುದಿನ ಬೆಳಿಗ್ಗೆ ನಿಮ್ಮ ಎದುರಿನಲ್ಲಿ, ವರ್ಕ್‌ಶಾಪಿನ ಹಿರಿಯ ತಂತ್ರಜ್ಞರ ಎದುರಿನಲ್ಲಿ ಮೊದಲ ಸ್ಟಾರ್ಟ್ ಆಗಬೇಕು. ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿಯುವ ತೊಂದರೆ ನಿಮಗಾಗಬಹುದು. ಆದರೆ ಬಿಸಿ ಎಂಜಿನ್ ತೋರಿಸಿಕೊಂಡು ಹತ್ತು ಸಲ ಓಡಾಡುವುದಕ್ಕಿಂತ ಇದೇ ಮೇಲು. ‘ಎಲ್ಲ ಕಾರುಗಳಲ್ಲಿಯೂ ಹೀಗೆಯೇ’ ಎಂದರೆ, ಅದೇ ಎಂಜಿನ್ನಿನ, ಹೆಚ್ಚುಕಡಿಮೆ ಅಷ್ಟೇ ಓಡಿದ, ರಾತ್ರಿಯಿಡೀ ನಿಂತ ಇನ್ನೊಂದು ಕಾರನ್ನು ಪಕ್ಕದಲ್ಲಿಯೇ ಸ್ಟಾರ್ಟ್ ಮಾಡಿ ತೋರಿಸಲು ವಿನಯದಿಂದ ಕೇಳಿ. ಎರಡೂ ಒಂದೇ ರೀತಿ ಕೇಳಿಸಿದರೆ ನಿಮ್ಮ ಚಿಂತೆ ಬಹುಪಾಲು ಕಳೆಯಿತು. ಕೇಳಿಸದಿದ್ದರೆ ನಿಮ್ಮ ದೂರು ಅಲ್ಲಿಯೇ ಸಾಬೀತಾಯಿತು.

ಜಾಬ್ ಕಾರ್ಡಿನ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ವಾರಂಟಿಯ ವ್ಯವಹಾರದಲ್ಲಿ ಬರೆದಿಲ್ಲದ್ದು ನಡೆದೇ ಇಲ್ಲ. ಗ್ರಾಹಕರ ದೂರಿನ ಅಂಕಣದಲ್ಲಿ ‘ಸಾಮಾನ್ಯ ತಪಾಸಣೆ’ ಎಂದು ಬರೆದುಬಿಡುವ ರೂಢಿ ಅನೇಕ ಕಡೆ ಇದೆ. ಅದರ ಬದಲು, ‘ಎಂಟು ಗಂಟೆಗಿಂತ ಹೆಚ್ಚು ನಿಂತ ನಂತರ ಮೊದಲ ಸ್ಟಾರ್ಟ್‌ನಲ್ಲಿ ಎಂಜಿನ್ನಿನ ಚೈನ್ ಬದಿಯಿಂದ ಎರಡರಿಂದ ಮೂರು ಸೆಕೆಂಡು ಗರಗರ ಸದ್ದು’ ಎಂದು ನೀವು ಹೇಳಿದಂತೆಯೇ ಬರೆಸಿ, ಓದಿ, ಆಮೇಲೆ ಸಹಿ ಹಾಕಿ. ವಾಪಸ್ ಪಡೆಯುವಾಗ ಏನು ಪರೀಕ್ಷಿಸಿದರು, ಏನು ಕಂಡುಬಂತು ಎಂಬುದೂ ಬರವಣಿಗೆಯಲ್ಲಿ ಇರಲಿ. ಹಣ ಕೊಡಬೇಕಾಗಿಲ್ಲದಿದ್ದರೂ ಸೊನ್ನೆ ರೂಪಾಯಿಯ ಬಿಲ್ ಕೇಳಿ ಪಡೆಯಿರಿ. ಹಿಂದಿನ ಎರಡು ಭೇಟಿಗಳ ಕಾಗದವಿಲ್ಲದಿದ್ದರೆ ಅವುಗಳ ದಿನಾಂಕ ಮತ್ತು ನಿಮಗೆ ಹೇಳಿದ ಉತ್ತರವನ್ನು ಬರೆದು ಈಗಲೇ ಸರ್ವಿಸ್ ಮ್ಯಾನೇಜರಿಗೆ ಇ-ಮೇಲ್ ಕಳುಹಿಸಿ. ಸರ್ವಿಸ್ ಕೇಂದ್ರದವರ ಕಷ್ಟವೂ ನನಗೆ ತಿಳಿದಿದೆ: ವಾರಂಟಿಯಲ್ಲಿ ಭಾಗ ಬದಲಿಸಿದರೆ ಕಂಪನಿಯಿಂದ ಗೊತ್ತಾದ ಮೊತ್ತ ಬರುತ್ತದೆ, ಸದ್ದಿನ ಮೂಲ ಹುಡುಕುತ್ತ ಕಳೆದ ಗಂಟೆಗಳಿಗೆ ಹಾಗೆ ಬರುವುದು ಕಷ್ಟ. ಆದ್ದರಿಂದಲೇ ಹುಡುಕುವ ಶ್ರಮವನ್ನು ನೀವು ಎಷ್ಟು ತಗ್ಗಿಸಿಕೊಡುತ್ತೀರೋ ಅಷ್ಟು ಬೇಗ ಕೆಲಸ ಸಾಗುತ್ತದೆ. ಮೂರು ದಿನದ ವಿಡಿಯೊ, ಗಂಟೆವಾರು ಬರೆದ ಚೀಟಿ, ಆಯಿಲ್ ಮಟ್ಟದ ಲೆಕ್ಕ ಹಿಡಿದು ಹೋದ ಗ್ರಾಹಕರನ್ನು ಒಳ್ಳೆಯ ತಂತ್ರಜ್ಞರು ಬರಿಗೈಯಲ್ಲಿ ಕಳುಹಿಸುವುದಿಲ್ಲ.

ಅವರಲ್ಲಿ ಕೇಳಬೇಕಾದ ಕೆಲಸಗಳ ಕ್ರಮವೂ ಇರಲಿ. ಆಯಿಲ್ ಮಟ್ಟ ಮತ್ತು ಗುಣ, ಕಂಪನಿಯ ಅಸಲಿ ಫಿಲ್ಟರ್ ಹಾಕಿ ಮತ್ತೊಂದು ತಣ್ಣನೆಯ ಸ್ಟಾರ್ಟ್, ಗೇಜ್ ಜೋಡಿಸಿ ಅಳೆದ ಆಯಿಲ್ ಒತ್ತಡ, ಸ್ಕ್ಯಾನರಿನಲ್ಲಿ ಕ್ಯಾಮ್ ಕೋನದ ಅಳತೆ. ಇವೆಲ್ಲ ಆದ ಮೇಲೆಯೇ ಚೈನ್ ಕವಚ ಬಿಚ್ಚುವ ಮಾತು. ತೆಗೆದ ಹಳೆಯ ಫಿಲ್ಟರನ್ನು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ನೋಡಲು ಹೇಳಿ. ಅದರಲ್ಲಿ ಮಿನುಗುವ ಲೋಹದ ಪುಡಿ ಕಂಡರೆ ವಿಷಯ ಚೈನಿಗಿಂತ ಆಳದ್ದು. ಆಯಿಲ್‌ನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಕಬ್ಬಿಣ, ತಾಮ್ರ, ಸೀಸ, ತವರಗಳ ಪ್ರಮಾಣ ತಿಳಿಯುತ್ತದೆ. ಕಬ್ಬಿಣ ಮಾತ್ರ ಹೆಚ್ಚಿದ್ದರೆ ಚೈನ್, ಕ್ಯಾಮ್, ಸಿಲಿಂಡರ್ ಗೋಡೆಗಳ ಸವೆತದ ಕಡೆಗೂ, ತಾಮ್ರ, ಸೀಸ, ತವರ ಹೆಚ್ಚಿದ್ದರೆ ಬೇರಿಂಗುಗಳ ಕಡೆಗೂ ಅದು ದಾರಿ ತೋರುತ್ತದೆ. ಈ ಎಂಜಿನ್ನಿಗೆ ಇದೇ ಸದ್ದಿನ ಬಗ್ಗೆ ಕಂಪನಿಯಿಂದ ಡೀಲರುಗಳಿಗೆ ಬಂದ ತಾಂತ್ರಿಕ ಸೂಚನೆ ಇದೆಯೇ ಎಂದು ನೇರವಾಗಿ ಕೇಳಿ. ಸಾಮಾನ್ಯ ಗ್ರಾಹಕರಿಗೆ ಅದು ಕಾಣುವುದಿಲ್ಲ, ಕೇಳಿದವರಿಗೆ ಹುಡುಕಿ ನೋಡುವ ತಂತ್ರಜ್ಞರು ಇದ್ದಾರೆ.

ಹೊರಗಿನ ಗ್ಯಾರೇಜಿನಲ್ಲಿ ತೋರಿಸಬಾರದೇ? ಕೇಳಿಸಿಕೊಂಡು ಅಭಿಪ್ರಾಯ ಪಡೆಯಲು ಅಡ್ಡಿಯಿಲ್ಲ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದಾಗುವಂತಹ ಸಾರಾಸಗಟು ಷರತ್ತು ಸಲ್ಲದೆಂದು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ವಿರುದ್ಧದ ಆದೇಶದಲ್ಲಿ ಹೇಳಿತ್ತು. ಆ ಆದೇಶ ಮೇಲ್ಮನವಿಗಳನ್ನೂ ಕಂಡಿತು. ಕಾನೂನಿನ ಚರ್ಚೆ ಏನೇ ಇರಲಿ, ಎಂಜಿನ್ನಿನ ಒಂದು ಬೋಲ್ಟನ್ನೂ ಹೊರಗೆ ಬಿಚ್ಚಿಸಬೇಡಿ ಎಂಬುದು ನನ್ನ ಸಲಹೆ, ಏಕೆಂದರೆ ಆಮೇಲೆ ದೋಷ ಯಾರದೆಂಬ ವಾದವೇ ದೊಡ್ಡದಾಗುತ್ತದೆ.

ತಣ್ಣನೆಯ ಸ್ಟಾರ್ಟ್ ತೋರಿಸಿದ ಮೇಲೂ ನಿರಾಕರಿಸಿದರೆ, ಕಂಪನಿಯ ಗ್ರಾಹಕ ಸೇವೆಗೆ ಲಿಖಿತ ದೂರು ಕೊಟ್ಟು ಸಂಖ್ಯೆ ಪಡೆದು, ಕಂಪನಿಯ ಪ್ರಾದೇಶಿಕ ಎಂಜಿನಿಯರರ ಸಮ್ಮುಖದಲ್ಲಿ ಮರುಪರೀಕ್ಷೆ ಕೋರಿ. ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೊನೆಗೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ದೋಷವು ಪರೀಕ್ಷೆಯಿಲ್ಲದೆ ತಿಳಿಯುವಂಥದ್ದಲ್ಲದಿದ್ದರೆ ಆಯೋಗವು ತಕ್ಕ ಪ್ರಯೋಗಾಲಯಕ್ಕೆ ಕಳುಹಿಸಿ ವರದಿ ತರಿಸಲು 38ನೇ ಕಲಂ ಅವಕಾಶ ಕೊಡುತ್ತದೆ. ಅದರ ಶುಲ್ಕವನ್ನು ಮೊದಲು ನೀವೇ ಕಟ್ಟಬೇಕಾಗಬಹುದು. ತಯಾರಿಕೆಯ ದೋಷವೆಂದು ಸಾಧಿಸುವ ಹೊಣೆ ದೂರುದಾರರದ್ದೇ ಆಗಿರುವುದರಿಂದ, ತಜ್ಞರ ವರದಿ ಮತ್ತು ಮೊದಲಿನಿಂದ ಒಂದೇ ದೂರನ್ನು ಹೇಳುವ ಜಾಬ್ ಕಾರ್ಡುಗಳಿಲ್ಲದೆ ಹೋದವರು ಸೋಲುವುದು ಸಾಮಾನ್ಯ. ದೂರು ಸಲ್ಲಿಸಲು ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಕಾಲಮಿತಿ ಇದೆ. ನಿಮ್ಮ ವಾರಂಟಿಗೆ ಇನ್ನೂ 17 ತಿಂಗಳಿದೆ. ಆಯೋಗದವರೆಗೆ ತಲುಪಬೇಕಾದ ಸ್ಥಿತಿ ಇದಲ್ಲ, ಬಹುಪಾಲು ಪ್ರಕರಣಗಳು ತಣ್ಣನೆಯ ಸ್ಟಾರ್ಟ್‌ನ ಬೆಳಿಗ್ಗೆಯೇ ತೀರುತ್ತವೆ.

ಚೈನ್ ಕೆಲಸ ನಡೆದರೆ ಇನ್ನೊಂದು ವಿಷಯವನ್ನು ಮೊದಲೇ ಕೇಳಿ: ಟೆನ್ಷನರ್ ಒಂದನ್ನೇ ಬದಲಿಸುತ್ತಾರೆಯೇ, ಚೈನ್, ಗೈಡು, ಸ್ಪ್ರಾಕೆಟುಗಳನ್ನೂ ಬದಲಿಸುತ್ತಾರೆಯೇ? ಉದ್ದವಾದ ಹಳೆಯ ಚೈನಿಗೆ ಹೊಸ ಟೆನ್ಷನರ್ ಜೋಡಿಸಿದರೆ ಸದ್ದು ಕೆಲವು ತಿಂಗಳು ಮರೆಯಾಗಿ, ವಾರಂಟಿ ಮುಗಿದ ಮೇಲೆ ಮರಳಬಹುದು. ಬದಲಿಸಿದ ಪ್ರತಿಯೊಂದು ಭಾಗದ ಹೆಸರು ಮತ್ತು ಸಂಖ್ಯೆ ಬಿಲ್ಲಿನಲ್ಲಿರಲಿ, ಮತ್ತು ಕಾರು ಮನೆಗೆ ಬಂದ ಮೊದಲ ವಾರ ಅದೇ ಜಾಗದಲ್ಲಿ ಮೊಬೈಲ್ ಇಟ್ಟು ಬೆಳಗಿನ ಸ್ಟಾರ್ಟನ್ನು ಮುದ್ರಿಸಿ ಹಳೆಯದರೊಡನೆ ಹೋಲಿಸಿ ನೋಡಿ.